ತೂಕ ಇಳಿಯಲಿಲ್ಲ, ಬ್ಲೌಸ್ ಸಡಿಲವಾಯಿತು

ವ್ಯಾಯಾಮ ಶುರು ಮಾಡಿದ ಮೊದಲ ತಿಂಗಳು ನನ್ನ ತೂಕ ಒಂದು ಕೆಜಿಗೂ ಸ್ವಲ್ಪ ಮೇಲೆಯೇ ಏರಿತು. ಊಟ ಹೆಚ್ಚಾಗಿರಲಿಲ್ಲ. ಸಂಜೆಯ ಬೋಂಡ, ಕೋಡುಬಳೆಗೆ ಆಗಲೇ ಕತ್ತರಿ ಬಿದ್ದಿತ್ತು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ, ವಾರಕ್ಕೆರಡು ಸಲ ಮನೆ ಹತ್ತಿರದ ಸಣ್ಣ ಜಿಮ್‌ನಲ್ಲಿ ಸ್ಕ್ವಾಟು, ಡಂಬೆಲ್ಲು. ಇಷ್ಟು ಬೆವರು ಸುರಿಸಿದ ಮೇಲೂ ಅಂಕಿ ಮೇಲಕ್ಕೇ ಹೋದರೆ ಯಾರಿಗಾದರೂ ಉರಿಯುತ್ತದೆ. ನನ್ನ ಜೊತೆ ಸೇರಿದ್ದ ಇಬ್ಬರು ಇದೇ ಹೊತ್ತಿಗೆ ಬಿಟ್ಟೂ ಬಿಟ್ಟರು. ನಾನು ಉಳಿದುಕೊಂಡಿದ್ದು ಛಲದಿಂದಲ್ಲ. ಶುರುವಿನ ದಿನವೇ ಟೇಪು ಹಿಡಿದು ಅಳತೆ ಬರೆದಿಟ್ಟುಕೊಂಡಿದ್ದೆ, ಆ ಹಾಳೆ ಬೇರೆ ಕತೆ ಹೇಳುತ್ತಿತ್ತು.

ಆ ಹಾಳೆಯಲ್ಲಿ ಇದ್ದದ್ದು: ಎತ್ತರ 157 ಸೆಂ.ಮೀ., ತೂಕ 70.6 ಕೆಜಿ, ಹೊಟ್ಟೆಯ ಸುತ್ತಳತೆ 93, ಪಿರ್ರೆಯ ಅತಿ ಅಗಲದ ಜಾಗದಲ್ಲಿ 104, ಎದೆ 98, ತೊಡೆ, ತೋಳು. ಬಿಎಂಐ, ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ, 28.6. ನಮ್ಮವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂಬ ಲೆಕ್ಕ ಇದೆ. ಹೊಟ್ಟೆಯ ಅಳತೆಗೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಗಡಿ. ಎತ್ತರದ ಅರ್ಧಕ್ಕಿಂತ ಹೊಟ್ಟೆ ಕಡಿಮೆ ಇರಬೇಕು ಎನ್ನುವ ಇನ್ನೊಂದು ಸುಲಭದ ಲೆಕ್ಕದಲ್ಲಿ ನನಗೆ 78.5. ಎಲ್ಲ ಗಡಿಯನ್ನೂ ನಾನು ದಾಟಿ ಕೂತಿದ್ದೆ, ಆ ಬಗ್ಗೆ ಅನುಮಾನವೇನೂ ಇರಲಿಲ್ಲ.

ತೂಕ ಏರಿದ್ದು ಯಾಕೆ? ಜಿಮ್ಮಿನ ಹುಡುಗ ಎರಡನೇ ವಾರಕ್ಕೇ ‘ಮಸಲ್ ಬರ್ತಾ ಇದೆ ಮೇಡಂ’ ಅಂದ. ಧೈರ್ಯ ತುಂಬಲು ಹೇಳಿದ್ದು ಸರಿ, ಆದರೆ ಎರಡು ವಾರಕ್ಕೆ ಒಂದು ಕೆಜಿ ಮಾಂಸಖಂಡ ಬೆಳೆಯುವ ಮೈ ಯಾರದೂ ಅಲ್ಲ, ನಲವತ್ತು ದಾಟಿದ ನನ್ನದಂತೂ ಅಲ್ಲವೇ ಅಲ್ಲ. ಏರಿದ್ದು ನೀರು. ಅಭ್ಯಾಸವಿಲ್ಲದ ಮೈ ದಂಡಿಸಿದಾಗ ಮಾಂಸಖಂಡದ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ, ಅದನ್ನು ಸರಿಪಡಿಸಲು ಅಲ್ಲಿಗೆ ನೀರು ಬಂದು ಸೇರುತ್ತದೆ. ಜೊತೆಗೆ ದಿನಾ ದುಡಿಯುವ ಮಾಂಸಖಂಡ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನನ್ನು ಹೆಚ್ಚಿಸಿಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಕೂತ ಕಡೆ ಸುಮಾರು ಮೂರು ಗ್ರಾಂ ನೀರೂ ಕೂರುತ್ತದೆ. ನಿಯಮಿತವಾಗಿ ನಡೆಯುವವರ ರಕ್ತದಲ್ಲಿ ಪ್ಲಾಸ್ಮಾ ಎಂಬ ದ್ರವದ ಪ್ರಮಾಣವೂ ಬೇಗನೆ ಹೆಚ್ಚುತ್ತದೆ. ಮೂರೂ ಒಳ್ಳೆಯ ಸುದ್ದಿಯೇ, ಮೂರಕ್ಕೂ ತೂಕ ಇದೆ ಅಷ್ಟೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಇದೆ. ಒಂದು ಭಾನುವಾರ ಮೆಟ್ಟಿಲು ಹತ್ತಿ, ಬಸ್ಸು ಬೇಡವೆಂದು ಮೆಟ್ಟಿಲಲ್ಲೇ ಇಳಿದೆ. ಹತ್ತುವಾಗ ಏದುಸಿರು, ಇಳಿಯುವಾಗ ಮಾತಾಡುತ್ತಾ ಆರಾಮ. ಪೆಟ್ಟು ಬೀಳುವುದು ಮಾತ್ರ ಇಳಿಯುವಾಗಲೇ. ಪ್ರತಿ ಮೆಟ್ಟಿಲಿಗೂ ತೊಡೆಯ ಮುಂದಿನ ಮಾಂಸಖಂಡ ಭಾರ ಹೊತ್ತುಕೊಂಡೇ ಉದ್ದವಾಗಬೇಕು, ನೋವು ತರುವ ಕೆಲಸ ಅದು. ಸೋಮವಾರ ಕಮೋಡಿನ ಮೇಲೆ ಕೂರಲು ಗೋಡೆ ಹಿಡಿಯಬೇಕಾಯಿತು. ಮಂಗಳವಾರ ತೂಕ 800 ಗ್ರಾಂ ಜಾಸ್ತಿ, ತೊಡೆಯ ಸುತ್ತಳತೆ ಒಂದು ಸೆಂ.ಮೀ. ಜಾಸ್ತಿ. ಶುಕ್ರವಾರದ ಹೊತ್ತಿಗೆ ಎರಡೂ ಇಳಿದು ಮೊದಲಿನ ಜಾಗಕ್ಕೆ ಬಂದಿದ್ದವು. ಅವತ್ತಿನಿಂದ ಒಂದು ಕಟ್ಟುನಿಟ್ಟು: ಕಾಲು ನೋಯುತ್ತಿರುವಾಗ ತೂಕವೂ ಇಲ್ಲ, ಟೇಪೂ ಇಲ್ಲ.

ಇದರ ಉಲ್ಟಾ ಆಟ ಪಕ್ಕದ ಮನೆಯಲ್ಲಿ ನಡೆಯಿತು. ಅವರು ಅನ್ನ, ಮುದ್ದೆ, ಚಪಾತಿ ಎಲ್ಲ ಬಿಟ್ಟು ಒಂದೇ ವಾರಕ್ಕೆ ಮೂರು ಕೆಜಿ ಇಳಿಸಿದರು. ಬೀದಿಯಲ್ಲೆಲ್ಲ ಅದೇ ಮಾತು. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಮೂರು ಕೆಜಿಗೆ 23,100, ಅಂದರೆ ದಿನಕ್ಕೆ 3,300. ಆಕೆ ಪೂರ್ತಿ ಉಪವಾಸ ಕೂತಿದ್ದರೂ ಅಷ್ಟು ಕೊರತೆ ಬೀಳುತ್ತಿರಲಿಲ್ಲ. ಮೈಯಲ್ಲಿದ್ದ ನಾಲ್ಕೈನೂರು ಗ್ರಾಂ ಗ್ಲೈಕೋಜನ್ ಬಹುಪಾಲು ಖಾಲಿಯಾಗಿ, ಅದು ಹಿಡಿದಿಟ್ಟುಕೊಂಡಿದ್ದ ನೀರೂ ಹೋಯಿತು. ಕರುಳಿನ ಭಾರ ಸ್ವಲ್ಪ ಕಡಿಮೆಯಾಯಿತು, ಕೊಬ್ಬೂ ಒಂದಿಷ್ಟು ಹೋಗಿರಬಹುದು. ತಂಗಿಯ ಮಗನ ಮದುವೆಯಲ್ಲಿ ಎರಡು ದಿನ ಉಂಡರು, ಹೋಗಿದ್ದರಲ್ಲಿ ಮುಕ್ಕಾಲು ಪಾಲು ಹಿಂದಿರುಗಿತು. ಅವರಿಗೆ ಆ ಎರಡು ದಿನದ ಊಟದ ಬಗ್ಗೆ ಆದ ಬೇಜಾರು ನೋಡಿ ನನಗೇ ಪಾಪ ಅನ್ನಿಸಿತು. ಆ ಬೇಜಾರಿಗೆ ಅರ್ಥವಿರಲಿಲ್ಲ, ಮೊದಲಿನ ಸಂಭ್ರಮಕ್ಕೂ ಇರಲಿಲ್ಲ.

ಹಾಗಂತ ಟೇಪು ಸತ್ಯಹರಿಶ್ಚಂದ್ರನೇನಲ್ಲ. ತೂಕದ ಯಂತ್ರದ ಮೇಲೆ ಬರೀ ನಿಂತರೆ ಸಾಕು, ಟೇಪಿಗೆ ಕೈಚಳಕ ಬೇಕು. ಮನೆಯ ಹೊಲಿಗೆ ಡಬ್ಬದಲ್ಲಿದ್ದ ಹಳೇ ಬಟ್ಟೆ ಟೇಪನ್ನು ಮಗನ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿದರೆ, ಟೇಪಿನ 30ರ ಗೆರೆ ಸ್ಕೇಲಿನ 30ನ್ನು ದಾಟಿ ಅರ್ಧ ಸೆಂಟಿಮೀಟರ್ ಆಚೆ ನಿಂತಿತ್ತು. ಎಳೆದೆಳೆದು ಹಿಗ್ಗಿಬಿಟ್ಟಿದೆ. ಹೊಟ್ಟೆಯ ಅಳತೆಗೆ ಬರುವಷ್ಟರಲ್ಲಿ ಒಂದೂವರೆ ಸೆಂ.ಮೀ. ಕಳ್ಳಲೆಕ್ಕ. ದೇವರಾಜ ಅರಸು ರಸ್ತೆಯ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಫೈಬರ್ ಗ್ಲಾಸಿನ ಟೇಪು ತಂದೆ. ಅದು ಹಿಗ್ಗುವುದಿಲ್ಲ, ಬೆಲೆಯೂ ಹೆಚ್ಚೇನಿಲ್ಲ.

ಎಲ್ಲಿ ಅಳೆಯಬೇಕು ಎನ್ನುವುದು ಇನ್ನೂ ದೊಡ್ಡ ವಿಷಯ. ಸೀರೆ ಉಡುವವರಿಗೆ ಲಂಗದ ಲಾಡಿ ಕೂತು ಕೂತು ಸೊಂಟದ ಸುತ್ತ ಒಂದು ಗುಂಡಿ ಬಿದ್ದಿರುತ್ತದೆ. ಟೇಪು ತಾನಾಗಿ ಜಾರಿ ಅದರೊಳಗೇ ಕೂರುತ್ತದೆ, ಅಳತೆಯೂ ಚೆನ್ನಾಗಿ ಕಡಿಮೆ ಬರುತ್ತದೆ. ಅಲ್ಲಿ ಅಳೆಯಬಾರದು. ಪಕ್ಕದಲ್ಲಿ ಬೆರಳಿಟ್ಟು ಕೊನೆಯ ಪಕ್ಕೆಲುಬಿನ ಕೆಳ ಅಂಚು ಹುಡುಕಿ, ಆಮೇಲೆ ಸೊಂಟದ ಮೂಳೆಯ ಮೇಲಂಚು ಹುಡುಕಿ, ಎರಡರ ನಡುಮಧ್ಯೆ ಟೇಪು ಬರಬೇಕು. ನಾನು ಮೊದಲೆರಡು ಸಲ ಕಾಡಿಗೆಯಿಂದ ಚುಕ್ಕೆ ಇಟ್ಟುಕೊಂಡಿದ್ದೆ. ಬೆನ್ನ ಹಿಂದೆ ಟೇಪು ಕೆಳಗೆ ಇಳಿದಿದೆಯೋ ಎಂದು ಕನ್ನಡಿಯಲ್ಲಿ ಅಡ್ಡ ನಿಂತು ನೋಡಬೇಕು. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಿರಬಾರದು. ಸಹಜವಾಗಿ ಉಸಿರು ಬಿಟ್ಟು ಮುಗಿದ ಕ್ಷಣ ಓದಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ, ನೋಡುವವರು ಯಾರೂ ಇಲ್ಲದಿದ್ದರೂ! ಎರಡು ಸಲ ಅಳೆದು ಸರಾಸರಿ ಬರೆಯುತ್ತೇನೆ, ಎರಡರ ನಡುವೆ ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಇನ್ನೊಮ್ಮೆ. ಬೆಳಿಗ್ಗೆ, ಶೌಚ ಮುಗಿಸಿ, ಕಾಫಿಗೂ ಮುಂಚೆ. ಹಿಂದಿನ ರಾತ್ರಿ ಹಿತಕಿದ ಅವರೆಬೇಳೆ ಸಾರಾಗಿದ್ದರೆ ಆ ದಿನ ಬಿಟ್ಟು ಮಾರನೆಯ ದಿನ.

ಮುಟ್ಟು ನಿಲ್ಲದ ಹೆಂಗಸರಿಗೆ ಇನ್ನೊಂದು ತಿರುವು ಇದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈ ನೀರು ಹಿಡಿಯುತ್ತದೆ, ತೂಕವೂ ಹೊಟ್ಟೆಯೂ ಸ್ವಲ್ಪ ಉಬ್ಬುತ್ತವೆ. ಹಾಗಾಗಿ ಈ ವಾರದ ಅಳತೆಯನ್ನು ಕಳೆದ ವಾರದ ಜೊತೆ ಹೋಲಿಸಿದರೆ ತಲೆ ಕೆಡುತ್ತದೆ. ಮುಟ್ಟಿನ ಐದನೆಯ ದಿನವನ್ನು ಟೇಪಿಗೆ ಗೊತ್ತು ಮಾಡಿಕೊಂಡೆ, ತಿಂಗಳಿಗೊಮ್ಮೆ. ತೂಕ ಮಾತ್ರ ಹೆಚ್ಚುಕಡಿಮೆ ದಿನಾ ನೋಡಿ ವಾರದ ಸರಾಸರಿ ಬರೆಯುತ್ತೇನೆ. ದಿನದ ಅಂಕಿಯನ್ನು ಹಾಳೆಗೆ ಏರಿಸುವುದೂ ಇಲ್ಲ, ಮನಸ್ಸಿಗೆ ಹಚ್ಚಿಕೊಳ್ಳುವುದೂ ಇಲ್ಲ. ಎರಡು ಬೆರಳು ಉಪ್ಪಿನಕಾಯಿ ಹೆಚ್ಚು ನಂಚಿಕೊಂಡರೆ ಮಾರನೆಯ ದಿನ ಅರ್ಧ ಕೆಜಿ ಏರುವ ಅಂಕಿ ಅದು.

ನಾಲ್ಕೈದು ತಿಂಗಳ ನಂತರ ಹಾಳೆಯಲ್ಲಿ ತೂಕ 68.6. ಎರಡು ಕೆಜಿ ಅಷ್ಟೆ. ಬಿಎಂಐ 28.6ರಿಂದ 27.8, ಅಂದರೆ ಆ ಪಟ್ಟಿಯಲ್ಲಿ ನಾನು ಇದ್ದ ಕೋಣೆಯಲ್ಲೇ ಇದ್ದೇನೆ. ಹೊಟ್ಟೆ ಮಾತ್ರ 93ರಿಂದ 88. ಪಿರ್ರೆ 101, ಎದೆ 95, ತೋಳು ಇದ್ದಲ್ಲೇ. ಬ್ಲೌಸಿಗೆ ಅಳತೆ ಕೊಡಲು ಹೋದಾಗ ನಮ್ಮ ಟೈಲರ್ ಹಳೇ ಅಳತೆ ಬ್ಲೌಸ್ ಹಾಕಿಸಿ, ಬೆನ್ನಿನ ಬಟ್ಟೆ ಚಿಟಿಕೆಯಲ್ಲಿ ಹಿಡಿದು ನೋಡಿ, ‘ಬೆನ್ನಲ್ಲಿ ಒಂದು ಒಳಹೊಲಿಗೆ ಹಿಡೀತೀನಿ ಅಕ್ಕ, ತೋಳು ಹಂಗೇ ಬಿಡ್ತೀನಿ’ ಅಂದಳು. ನನ್ನ ಹಾಳೆ ಅವಳು ನೋಡಿರಲಿಲ್ಲ.

ಎರಡು ಕೆಜಿಗೆ ಐದು ಸೆಂಟಿಮೀಟರ್ ಹೇಗೆ ಎಂದು ಕೇಳುವವರಿಗೆ: ಕೊಬ್ಬು ಎರಡು ಕೆಜಿಗಿಂತ ಹೆಚ್ಚೇ ಹೋಗಿದೆ, ಆ ಜಾಗವನ್ನು ಸ್ವಲ್ಪ ಮಾಂಸಖಂಡ, ಸ್ವಲ್ಪ ನೀರು ತುಂಬಿವೆ. ಮಾಂಸಖಂಡ ತೂಕದಲ್ಲಿ ಹೆಚ್ಚು, ಕೊಬ್ಬು ಹಗುರ ಎಂದು ಹೇಳುವ ರೂಢಿ ಇದೆ. ಕೆಜಿ ಯಾವುದಾದರೂ ಕೆಜಿಯೇ. ಬೇರೆಯಾಗುವುದು ಹಿಡಿಯುವ ಜಾಗ. ಒಂದು ಲೀಟರ್ ಜಾಗದಲ್ಲಿ ಕೊಬ್ಬು 900 ಗ್ರಾಂ ಹಿಡಿದರೆ ಮಾಂಸಖಂಡ 1,060 ಗ್ರಾಂ. ವ್ಯತ್ಯಾಸ ಜಾಹೀರಾತುಗಳ ಚಿತ್ರದಲ್ಲಿ ತೋರಿಸುವಷ್ಟು ಭಾರಿಯೇನಲ್ಲ. ಎಲ್ಲಿಂದ ಹೋಗಿ ಎಲ್ಲಿಗೆ ಬಂತು ಎನ್ನುವುದು ಅದಕ್ಕಿಂತ ಮುಖ್ಯ: ಹೋಗಿದ್ದು ಹೊಟ್ಟೆಯಿಂದ, ಬಂದದ್ದು ತೊಡೆ, ಪಿರ್ರೆ, ಬೆನ್ನಿಗೆ.

ಬಿಎಂಐ ಮೇಲೆ ನನಗೆ ಅಂಥ ಗೌರವವೇನಿಲ್ಲ. ಅದರ ಸೂತ್ರ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಗಣಿತಜ್ಞ 1830ರ ದಶಕದಲ್ಲಿ ಜನಸಮೂಹದ ಸರಾಸರಿ ತಿಳಿಯಲು ಹುಡುಕಿದ್ದು. ಈಗಿನ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಅವರಿಂದ. ನಮ್ಮ ಮೈಯ ವಿಚಾರದಲ್ಲಿ ಅದು ಎಷ್ಟು ಮುಚ್ಚಿಡುತ್ತದೆ ಎನ್ನುವುದಕ್ಕೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ತಮ್ಮದೇ ಜೋಡಿ ಫೋಟೊ ಸಾಕು. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2. ನನ್ನ ಅಣ್ಣನೂ ಅದೇ ಜಾತಿ. ಸಣಕಲು ಕೈಕಾಲು, 66 ಕೆಜಿ, ‘ನನ್ನ ತೂಕ ಕರೆಕ್ಟಾಗಿದೆ’ ಎಂದು ಹೋಳಿಗೆ ಮೇಲೆ ಹೋಳಿಗೆ. ಹಬ್ಬದ ದಿನ ಬಲವಂತವಾಗಿ ಟೇಪು ಸುತ್ತಿದೆ, 94. ಅವನಿಗೆ ತೂಕ ಇಳಿಸುವ ಕೆಲಸವೇ ಇಲ್ಲ, ಕಾಲಿಗೆ ಮಾಂಸಖಂಡ ಸೇರಿಸುವ ಕೆಲಸ ಇದೆ. ಈಗ ವಾಕಿಂಗ್ ಹೋಗುತ್ತಾನೆ, ಡಂಬೆಲ್ ಮುಟ್ಟಲು ಒಪ್ಪಿಲ್ಲ.

ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರ ಜಿಮ್‌ನಲ್ಲಿತ್ತು. ಪಾದದಿಂದ ಪಾದಕ್ಕೆ ಸಣ್ಣ ವಿದ್ಯುತ್ ಹರಿಸಿ, ಅಡ್ಡಿ ಎಷ್ಟು ಎಂದು ನೋಡಿ, ಉಳಿದದ್ದನ್ನು ಲೆಕ್ಕ ಹಾಕಿ ಹೇಳುವ ಯಂತ್ರ ಅದು. ಮೈಯಲ್ಲಿ ನೀರು ಹೆಚ್ಚುಕಡಿಮೆಯಾದಂತೆ ಉತ್ತರವೂ ಬದಲಾಗುತ್ತದೆ. ಒಂದೇ ದಿನ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳಿದ ಮೇಲೆ ಅದನ್ನು ಕೈಬಿಟ್ಟೆ.

ಈಗ ಎರಡೂ ಕಾಲಂ ಜೊತೆಗಿಟ್ಟು ಓದುತ್ತೇನೆ. ತೂಕ ನಿಂತು ಹೊಟ್ಟೆ ಇಳಿಯುತ್ತಿದ್ದರೆ ಏನನ್ನೂ ಮುಟ್ಟುವುದಿಲ್ಲ. ತೂಕ ಇಳಿದು ಹೊಟ್ಟೆ ಕದಲದಿದ್ದರೆ ಕರಗುತ್ತಿರುವುದು ನೀರೋ ಮಾಂಸಖಂಡವೋ ಇರಬೇಕು, ಕಾಳು, ಮೊಟ್ಟೆ, ಮೊಸರು ಸಾಕಾಗುತ್ತಿದೆಯೇ ಎಂದು ನೋಡುತ್ತೇನೆ. ಎರಡೂ ತಿಂಗಳುಗಟ್ಟಲೆ ಏರಿದರೆ ನೀರಿನ ಕತೆ ಹೇಳಿಕೊಂಡು ಕೂರುವಂತಿಲ್ಲ, ತಟ್ಟೆ ನೋಡಬೇಕು. ದೀಪಾವಳಿಯ ಸುತ್ತಮುತ್ತ ಹಾಗೇ ಆಯಿತು.

ತೂಕದ ಯಂತ್ರವನ್ನೇ ಎಸೆಯಿರಿ ಎನ್ನುವವರ ಮಾತಿಗೆ ನನ್ನ ಸಹಮತ ಇಲ್ಲ. ನಮ್ಮ ಮನೆಯಲ್ಲಿ ಅದು ಇರುವುದು ಮಾವನವರ ಕೋಣೆಯಲ್ಲಿ. ಅವರ ಹೃದಯ ದುರ್ಬಲ, ರಕ್ತ ತಳ್ಳುವ ಶಕ್ತಿ ಕುಂದಿದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಕಾಯದೆ ಫೋನ್ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ನಾನು ಲೆಕ್ಕಕ್ಕಿಡದ ನೀರಿನ ಏರಿಳಿತವೇ ಅವರಿಗೆ ಬೇಕಾದ ಸುದ್ದಿ. ಅವರು ಬೆಳಿಗ್ಗೆ ಎದ್ದು ಮೂತ್ರ ಮುಗಿಸಿ, ಪಂಚೆಯಲ್ಲೇ ಮೇಲೆ ನಿಂತು, ಅಂಕಿಯನ್ನು ಕ್ಯಾಲೆಂಡರಿನ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಅದಾದ ಮೇಲೆ ನನ್ನ ಸರದಿ.