ತಪ್ಪು ತಂತ್ರಾಂಶದ್ದೋ, ಯಂತ್ರಾಂಶದ್ದೋ?

ಕೆಲಸದ ನಡುವೆ ಯಾವುದೋ ತಂತ್ರಾಂಶ ತಟ್ಟನೆ ಮುಚ್ಚಿಹೋದರೆ ನಾವು ಮೊದಲು ಅದನ್ನೇ ಅಳಿಸಿ ಮತ್ತೆ ಅಳವಡಿಸುತ್ತೇವೆ. ಅದರಿಂದಲೂ ಸರಿಹೋಗದಿದ್ದರೆ ಇಡೀ ವಿಂಡೋಸನ್ನೇ ಹೊಸದಾಗಿ ಹಾಕುತ್ತೇವೆ. ಅಷ್ಟಾದ ಮೇಲೂ ಎರಡೇ ದಿನಕ್ಕೆ ಅದೇ ಕಾಟ ಮರಳಿದರೆ, ದೋಷವನ್ನು ಯಂತ್ರದ ಒಳಗೇ, ಅಂದರೆ ಯಂತ್ರಾಂಶದಲ್ಲೇ (ಹಾರ್ಡ್‌ವೇರ್) ಹುಡುಕಬೇಕಾಗುತ್ತದೆ.

ಬಿಡಿಭಾಗಗಳಿಗೆ ಕೈಹಾಕುವ ಮೊದಲು ಒಂದು ವಾರ ಕಾಲ, ಯಾವ ತಂತ್ರಾಂಶ, ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ ನಿಂತುಹೋಯಿತು ಎಂಬುದನ್ನು ಕಾಗದದಲ್ಲಿ ಬರೆದಿಡಿ. ಒಂದೇ ತಂತ್ರಾಂಶ ಪ್ರತಿಸಲವೂ ಒಂದೇ ಕೆಲಸದ ವೇಳೆ ಬಿದ್ದರೆ ತಪ್ಪು ಬಹುತೇಕ ಅದರದ್ದೇ. ಇಂದು ಬ್ರೌಸರ್, ನಾಳೆ ವಿಡಿಯೊ ಸಂಪಾದಕ, ನಾಡಿದ್ದು ನೀಲಿ ಪರದೆ ಎಂದು ಗೊತ್ತುಗುರಿಯಿಲ್ಲದೆ ಬೀಳುತ್ತಿದ್ದರೆ ಯಂತ್ರಾಂಶವನ್ನು ಶಂಕಿಸಬೇಕು. ವಿಂಡೋಸ್‌ನ ದೋಷಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಯಂತ್ರಾಂಶದ ತಪ್ಪುಗಳನ್ನು ಗುರುತಿಸಿಡುವ ‘ವೀಯಾ ಲಾಗರ್’ (WHEA-Logger) ಹೆಸರಿನ ದಾಖಲೆಗಳಿದ್ದರೆ ಶಂಕೆ ಇನ್ನಷ್ಟು ಗಟ್ಟಿಯಾಗುತ್ತದೆ. ‘ಕರ್ನಲ್ ಪವರ್ 41’ ಎಂಬ ದಾಖಲೆ ಮಾತ್ರ ಕಂಪ್ಯೂಟರ್ ಸರಿಯಾಗಿ ಮುಚ್ಚದೆ ನಿಂತಿತು ಎಂದಷ್ಟೇ ಹೇಳುತ್ತದೆ, ಕಾರಣವನ್ನಲ್ಲ.

ಪರದೆಯ ಮೇಲಿನ ಸಂದೇಶವನ್ನು ಹಾಗೆಯೇ ನಂಬಬಾರದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರವಾದಾಗ ಅನೇಕ ಆಟಗಳು ‘ವಿಡಿಯೊ ಮೆಮೊರಿ ಸಾಲದು’ ಎಂದು ದೂರುತ್ತಿದ್ದವು. ಗ್ರಾಫಿಕ್ಸ್ ಕಾರ್ಡಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಪ್ರೊಸೆಸರ್ ಅತಿಯಾದ ವೋಲ್ಟೇಜ್ ಬೇಡುವಂತೆ ಮಾಡುತ್ತಿದ್ದ ಈ ದೋಷಕ್ಕೆ 2024ರಲ್ಲಿ, ಕಂಪ್ಯೂಟರನ್ನು ಆರಂಭಿಸುವ ಮೂಲ ತಂತ್ರಾಂಶವಾದ ಬಯೋಸ್ ಅಪ್‌ಡೇಟ್ ಮೂಲಕ ಪರಿಹಾರ ಬಂದಿತು, ವಾರಂಟಿಯೂ ಎರಡು ವರ್ಷ ಹೆಚ್ಚಿತು. ಆದರೆ ಆಗಲೇ ಹಾಳಾಗಿದ್ದ ಚಿಪ್‌ಗಳನ್ನು ಯಾವ ಅಪ್‌ಡೇಟ್ ಕೂಡ ಸರಿಪಡಿಸಲಾರದು, ಅವನ್ನು ಬದಲಿಸಲೇಬೇಕು.

ಈಗ ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲಿಸಿಕೊಳ್ಳಿ. ದಯವಿಟ್ಟು ಇದನ್ನು ಮುಂದೂಡಬೇಡಿ. ಬಳಿಕ ಬಯೋಸ್‌ಗೆ ಹೋಗಿ, ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕಿಂಗ್ ತೆಗೆದು, ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿಯನ್ನೂ ನಿಲ್ಲಿಸಿ. ಎಷ್ಟೋ ಸಲ ಕಾಟ ಇಲ್ಲಿಗೇ ನಿಲ್ಲುತ್ತದೆ.

ನಿಲ್ಲದಿದ್ದರೆ ಮೊದಲ ಪರೀಕ್ಷೆ ರ‍್ಯಾಮಿನದ್ದು. ಎಂಟು ಜಿಬಿ ರ‍್ಯಾಮಿನಲ್ಲಿ 6,800 ಕೋಟಿಗೂ ಹೆಚ್ಚು ಬಿಟ್‌ಗಳಿರುತ್ತವೆ, ಅವುಗಳಲ್ಲಿ ಒಂದು ಕೆಟ್ಟರೂ ಸಾಕು. ಆ ಜಾಗದಲ್ಲಿ ಚಿತ್ರವೊಂದು ಕುಳಿತಿದ್ದರೆ ಒಂದು ಚುಕ್ಕೆಯ ಬಣ್ಣ ಬದಲಾಗಬಹುದು, ಯಾರಿಗೂ ತಿಳಿಯುವುದಿಲ್ಲ. ತಂತ್ರಾಂಶದ ಆದೇಶವೇ ಕುಳಿತಿದ್ದರೆ ಅದು ಕುಸಿಯುತ್ತದೆ. ಈ ಬಗೆಯ ಕ್ರ್ಯಾಶ್‌ಗಳಿಗೆ ಗೊತ್ತುಗುರಿಯಿಲ್ಲದಿರುವುದು ಇದರಿಂದಲೇ.

ಉಚಿತವಾಗಿ ಸಿಗುವ ‘ಮೆಮ್‌ಟೆಸ್ಟ್86+’ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಆರಂಭಿಸಿ, ರಾತ್ರಿಯಿಡೀ ಓಡಲು ಬಿಡಿ. ವಿಂಡೋಸ್ ನಡೆಯುತ್ತಿರುವುದಿಲ್ಲವಾದ್ದರಿಂದ ಅದು ಹೆಚ್ಚುಕಡಿಮೆ ಇಡೀ ರ‍್ಯಾಮನ್ನು ತಡಕಬಲ್ಲದು. ಬೆಳಗ್ಗೆ ಪರದೆಯಲ್ಲಿ ಒಂದೇ ಒಂದು ಕೆಂಪು ಸಾಲು ಕಂಡರೂ ‘ಒಂದೇ ತಾನೇ’ ಎಂದು ಬಿಡುವಂತಿಲ್ಲ. ಇಲ್ಲಿ ಸೊನ್ನೆಯ ಹೊರತು ಬೇರೆ ಉತ್ತೀರ್ಣ ಅಂಕವಿಲ್ಲ. ತಪ್ಪು ಕಂಡರೆ ವಿದ್ಯುತ್ ವೈರನ್ನು ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದ ಮೇಲೆ ಒಂದೊಂದೇ ರ‍್ಯಾಮ್ ಪಟ್ಟಿಯನ್ನು ಒಂದೊಂದೇ ಸ್ಲಾಟಿನಲ್ಲಿ ಇಟ್ಟು ಮತ್ತೆ ಪರೀಕ್ಷಿಸಿ. ಒಂದೇ ಪಟ್ಟಿ ಎಲ್ಲ ಸ್ಲಾಟಿನಲ್ಲೂ ತಪ್ಪು ತೋರಿಸಿದರೆ ಪಟ್ಟಿ ಕೆಟ್ಟಿದೆ; ಎಲ್ಲ ಪಟ್ಟಿಗಳೂ ಒಂದೇ ಸ್ಲಾಟಿನಲ್ಲಿ ತಪ್ಪು ತೋರಿಸಿದರೆ ಮದರ್‌ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದೇ ಇಲ್ಲ.

ಡಿಸ್ಕಿಗೆ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ದಂತಹ ತಂತ್ರಾಂಶದಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸಿಕೊಳ್ಳುವ ‘ಸ್ಮಾರ್ಟ್’ ಅಂಕಿಗಳನ್ನು ನೋಡಿ. ಹಾರ್ಡ್‌ಡಿಸ್ಕಿನ 5 ಮತ್ತು 197 ಎಂಬ ಗುರುತುಸಂಖ್ಯೆಯ ಸಾಲುಗಳು ಕೆಟ್ಟ ಸೆಕ್ಟರ್‌ಗಳನ್ನು (ಮಾಹಿತಿ ಬರೆಯುವ ಪುಟ್ಟ ಜಾಗಗಳನ್ನು) ಸೂಚಿಸುತ್ತವೆ. ಆ ಎಣಿಕೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. 199 ಸಂಖ್ಯೆಯ ಸಾಲಿನ ಎಣಿಕೆ ಏರುತ್ತಿದ್ದರೆ ಕಾರಣ ಹೆಚ್ಚಾಗಿ, ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಸಡಿಲವಾಗಿರುವುದು.

ಭಾರವಾದ ಕೆಲಸದ ವೇಳೆ ಮಾತ್ರ ಯಂತ್ರ ನಿಲ್ಲುತ್ತಿದ್ದರೆ ಶಾಖವನ್ನು ಅಳೆದು ಫ್ಯಾನಿನ ಧೂಳು ತೆಗೆಯಿರಿ. ಶಾಖ ಮಿತಿಯಲ್ಲಿದ್ದೂ ನಿಲ್ಲುತ್ತಿದ್ದರೆ ಪವರ್ ಸಪ್ಲೈ ಅನುಮಾನಾಸ್ಪದ: ಅದರ 12 ವೋಲ್ಟ್ ತಂತಿ 11.4ರಿಂದ 12.6ರೊಳಗೆ ಇರಬೇಕು. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಕೆಟ್ಟ ಭಾಗ ಬದಲಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೆಟ್ಟ ರ‍್ಯಾಮಿನ ಮೂಲಕ ಹಾದುಹೋದ ಕಡತಗಳು ಡಿಸ್ಕಿನಲ್ಲೂ ತಪ್ಪಾಗಿಯೇ ದಾಖಲಾಗಿರಬಹುದು. ವಿಂಡೋಸ್‌ನ ಸ್ವಂತ ಕಡತಗಳನ್ನು ಪರಿಶೀಲಿಸುವ ಸಿಸ್ಟಮ್ ಫೈಲ್ ಚೆಕರ್ ಅನ್ನು ಒಮ್ಮೆ ಓಡಿಸಿ, ಮುಖ್ಯ ದಾಖಲೆಗಳನ್ನು ತೆರೆದು ನೋಡಿ. ತೊಂದರೆ ಶುರುವಾಗುವ ಮುಂಚಿನ ಹಳೆಯ ಬ್ಯಾಕಪ್ ಇದ್ದರೆ, ಹೊಸದು ಸರಿಯಿದೆಯೆಂದು ಖಚಿತವಾಗುವವರೆಗೆ ಅದನ್ನು ಅಳಿಸಬೇಡಿ.