ಬೇಬಿ ಸಿಟ್ಟಿಂಗ್ ನಡೆಸುವವರೇ ಹುಷಾರು ತಪ್ಪಿದರೆ: ಬದಲಿ ವ್ಯವಸ್ಥೆ ಹೀಗಿರಲಿ

ಬೆಳಿಗ್ಗೆ ಆರಕ್ಕೆ ನಿಮಗೆ ಜ್ವರ ನೂರಾಮೂರು. ಏಳೂವರೆಗೆ ಆಫೀಸ್ ಕ್ಯಾಬ್ ಹತ್ತಬೇಕಾದ ತಾಯಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬರುತ್ತಾಳೆ. ಬೆಂಗಳೂರಿನಂಥ ಊರಲ್ಲಿ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವವರಿಗೆ ಇಂಥ ದಿನ ವರ್ಷಕ್ಕೆ ಹತ್ತಾದರೂ ಬರುತ್ತದೆ. ‘ಪಕ್ಕದ ಮನೆ ಆಂಟಿ ಇದ್ದಾರಲ್ಲ’ ಅಂದುಕೊಂಡರೆ ಅದು ವ್ಯವಸ್ಥೆ ಆಗಲಿಲ್ಲ. ಮಕ್ಕಳು ಆಕೆಯ ಕೈತುತ್ತು ತಿಂದಿರಬೇಕು, ತಂದೆತಾಯಿ ಆಕೆಯನ್ನು ನೋಡಿ ಒಪ್ಪಿರಬೇಕು, ದುಡ್ಡಿನ ಮಾತು ಮುಗಿದಿರಬೇಕು. ಈ ಮೂರೂ ಆಗದಿದ್ದರೆ ನಿಮ್ಮ ಹತ್ತಿರ ಇರುವುದು ಬರೀ ಒಂದು ಫೋನ್ ನಂಬರ್.

ಒಬ್ಬರೇ ಎಲ್ಲಕ್ಕೂ ಆಗುವುದಿಲ್ಲ

ಹತ್ತು ನಿಮಿಷದಲ್ಲಿ ಓಡಿ ಬರುವವರು ಬೇರೆ, ಇಡೀ ದಿನ ನಿಭಾಯಿಸುವವರು ಬೇರೆ.

ಮೊದಲನೆಯವರು ಅದೇ ಮಹಡಿಯ ಅಥವಾ ಎದುರುಮನೆಯ ಒಬ್ಬರು. ಅವರ ಹತ್ತಿರ ನಿಮ್ಮ ಮನೆಯ ಇನ್ನೊಂದು ಕೀ ಇರಲೇಬೇಕು. ಮಕ್ಕಳು ಹೊರಗೆ ಓಡದಿರಲಿ ಎಂದು ಬಹಳ ಜನ ಒಳಗಿನಿಂದ ಚಿಲಕ ಹಾಕುತ್ತಾರೆ. ನೀವು ತಲೆಸುತ್ತಿ ಬಿದ್ದರೆ ಆ ಚಿಲಕವನ್ನು ಎರಡು ವರ್ಷದ ಮಗು ತೆಗೆಯಲಾರದು, ಹೊರಗಿನವರೂ ಕೀ ಹಾಕಿ ಒಳಗೆ ಬರಲಾರರು. ಹಗಲು ಹೊತ್ತು ಚಿಲಕ ಬೇಡ, ಹೊರಗಿನಿಂದ ಕೀಲಿಯಲ್ಲಿ ತೆರೆಯುವಂಥ ಲಾಕ್ ಇರಲಿ. ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಅವರಿಗೆ ವಾಟ್ಸಾಪ್‌ನಲ್ಲಿ ‘ಸರಿ ಇದೆ’ ಎಂದು ಹಾಕಿ. ಹದಿನೈದು ನಿಮಿಷ ದಾಟಿದರೂ ಬರದಿದ್ದರೆ ಅವರು ಫೋನ್ ಮಾಡಬೇಕು, ಎತ್ತದಿದ್ದರೆ ಬಾಗಿಲು ತೆರೆಯಬೇಕು. ಅತಿಯಾಯಿತು ಅನ್ನಿಸಬಹುದು. ಒಬ್ಬರೇ ದೊಡ್ಡವರಿರುವ ಮನೆಯಲ್ಲಿ ಇದಕ್ಕಿಂತ ಅಗ್ಗದ ರಕ್ಷಣೆ ಇಲ್ಲ.

ಎರಡನೆಯವರನ್ನು ಹುಡುಕುವಾಗ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೇಳಿ. ವರಮಹಾಲಕ್ಷ್ಮಿ ಶುಕ್ರವಾರ ಬರುತ್ತೀರಾ? ಎಷ್ಟೋ ಐಟಿ ಕಂಪನಿಗಳಿಗೆ ಅಂದು ರಜೆ ಇರುವುದಿಲ್ಲ, ಆದರೆ ಬದಲಿ ಬರುವವರ ಮನೆಯಲ್ಲಿ ಕಳಶ ಕೂರಿಸಿರುತ್ತಾರೆ. ಮಗ ಎಸ್ಸೆಸ್ಸೆಲ್ಸಿಯಲ್ಲಿದ್ದರೆ ಮಾರ್ಚ್‌ನಲ್ಲಿ ಅವರು ಸಿಗುವುದು ಕಷ್ಟ. ಏಪ್ರಿಲ್, ಮೇ ಬಂದರೆ ಊರಿಗೆ ಹೋಗಿಬಿಡುತ್ತಾರೆ. ಹಾಗಾಗಿ ಇಬ್ಬರನ್ನು ಗೊತ್ತು ಮಾಡಿಕೊಳ್ಳಿ, ಹಬ್ಬ ರಜೆಗಳು ಒಂದೇ ಆಗಿರದ ಇಬ್ಬರಾದರೆ ಇನ್ನೂ ಒಳ್ಳೆಯದು.

ಆಧಾರ್ ಪ್ರತಿ, ಹಿಂದೆ ಕೆಲಸ ಮಾಡಿದ ಎರಡು ಮನೆಯವರ ಜೊತೆ ನೇರ ಮಾತು, ಸೇವಾ ಸಿಂಧು ಪೋರ್ಟಲ್ ಮೂಲಕ ಪೊಲೀಸ್ ವೆರಿಫಿಕೇಶನ್: ಪರಿಚಯದವರಾದರೂ ಇವನ್ನು ಬಿಡಬೇಡಿ. ದಾಕ್ಷಿಣ್ಯಕ್ಕೆ ಬಿದ್ದು ಬಿಟ್ಟರೆ ನಾಳೆ ಪೋಷಕರು ಕೇಳಿದಾಗ ಉತ್ತರವಿರುವುದಿಲ್ಲ.

ಜಾಗ ಯಾವುದು?

ಹೆಚ್ಚಿನ ಯೋಜನೆಗಳು ಮುರಿಯುವುದು ಇಲ್ಲೇ. ಬದಲಿಯವರು ನಿಮ್ಮ ಮನೆಗೇ ಬಂದು ನೋಡಿಕೊಳ್ಳುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಮಗೆ ವಾಂತಿ ಭೇದಿಯೋ, ಚಿಕನ್ ಪಾಕ್ಸೋ, ನಿಮ್ಮ ಸ್ವಂತ ಮಗುವಿಗೆ ಕೈ, ಕಾಲು, ಬಾಯಲ್ಲಿ ಬೊಬ್ಬೆ ಏಳುವ ಎಚ್‌ಎಫ್‌ಎಂಡಿಯೋ ಆಗಿದ್ದರೆ ಆ ಮನೆಗೆ ಮಕ್ಕಳು ಬರುವಂತೆಯೇ ಇಲ್ಲ. ಅಂಟುರೋಗ ಅಲ್ಲದಿದ್ದರೂ ಕಷ್ಟವೇ: ನೀವು ರೂಮಿನಲ್ಲಿ ಕೆಮ್ಮಿದ್ದು ಕೇಳಿಸಿದರೆ ಸಾಕು, ಮಕ್ಕಳು ಬಾಗಿಲು ಬಡಿದು ಅಳುತ್ತವೆ. ವಾಂತಿ ಭೇದಿ ಆದರೆ ನಿಂತ ಮೇಲೂ 48 ಗಂಟೆ ಬಿಟ್ಟೇ ಮಕ್ಕಳನ್ನು ಕರೆಸಿಕೊಳ್ಳಿ.

ಆದ್ದರಿಂದ ಇನ್ನೊಂದು ಮನೆಯೂ ಸಿದ್ಧವಿರಬೇಕು. ಒಂದೆರಡು ಕಿಲೋಮೀಟರ್ ಒಳಗೆ ನಿಮ್ಮಂತೆಯೇ ಮಕ್ಕಳನ್ನು ನೋಡಿಕೊಳ್ಳುವವರ ಜೊತೆ ಕೊಡುಕೊಳ್ಳುವ ಒಪ್ಪಂದ ಒಳ್ಳೆಯದು. ಆದರೆ ಲೆಕ್ಕ ಹಾಕಿ. ಅವರಲ್ಲಿ ಐದು, ನಿಮ್ಮವು ಐದು, ಒಟ್ಟು ಹತ್ತು ಮಕ್ಕಳನ್ನು ಒಬ್ಬರೇ ನೋಡಲಾಗದು. ನಮ್ಮ ಅಳತೆ ಒಂದೇ: ಲಿಫ್ಟ್ ನಿಂತಿದೆ, ಅಡುಗೆಮನೆಯಲ್ಲಿ ಹೊಗೆ ಎದ್ದಿದೆ ಎಂದುಕೊಳ್ಳಿ, ಎಷ್ಟು ಮಕ್ಕಳನ್ನು ಒಂದೇ ಸಲ ಮೆಟ್ಟಿಲಿಳಿಸಬಹುದು? ನಡೆಯದ ಕೂಸುಗಳಾದರೆ ಒಬ್ಬರಿಗೆ ಎರಡು, ಅಷ್ಟೇ. ಹಾಗಾಗಿ ಮಕ್ಕಳನ್ನು ಹಂಚಿ. ಎರಡು ಆ ಮನೆಗೆ, ಎರಡು ಇನ್ನೊಂದು ಮನೆಗೆ, ಅಜ್ಜಿ ಊರಿಂದ ಬಂದಿರುವ ಮಗು ತನ್ನ ಮನೆಯಲ್ಲೇ. ಅಣ್ಣತಂಗಿಯರನ್ನು ಬೇರೆ ಮಾಡಬೇಡಿ. ಯಾವ ಮಗು ಎಲ್ಲಿಗೆ ಎಂಬುದು ಮೊದಲೇ ಬರೆದು ಫ್ರಿಜ್ ಮೇಲೆ ಅಂಟಿಸಿರಲಿ.

ಆ ಮನೆಗೆ ಒಮ್ಮೆ ಹೋಗಿ ಮಂಡಿಯೂರಿ, ಮಗುವಿನ ಎತ್ತರದಿಂದ ನೋಡಿ. ಸಂಪಿನ ಮುಚ್ಚಳಕ್ಕೆ ಬೀಗ ಇದೆಯೇ? ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಬಿಟ್ಟಿರುತ್ತಾರೆಯೇ? ಕೂಸಿಗೆ ಅರ್ಧ ಬಕೆಟ್ ನೀರೂ ಅಪಾಯ. ಬಾಲ್ಕನಿ ಗ್ರಿಲ್‌ನಲ್ಲಿ ಕಾಲಿಟ್ಟು ಹತ್ತುವಂಥ ಅಡ್ಡಪಟ್ಟಿ ಇದೆಯೇ? ಹಗಲಲ್ಲಿ ಮನೆಯಲ್ಲಿ ಬೇರೆ ಯಾರು ಇರುತ್ತಾರೆ?

ಮುಖ ಪರಿಚಯ

2017ರ ತಿದ್ದುಪಡಿ ಬಂದ ಮೇಲೆ ಹೆರಿಗೆ ರಜೆ 26 ವಾರ. ಹಾಗಾಗಿ ಬಹಳ ಕೂಸುಗಳು ನಿಮ್ಮ ಬಳಿ ಬರುವುದು ಆರೇಳು ತಿಂಗಳಿಗೆ, ಹೊಸಮುಖ ಕಂಡರೆ ಅಳು ಶುರುವಾಗುವ ವಯಸ್ಸಿಗೆ ಸರಿಯಾಗಿ. ಜ್ವರದ ದಿನ ಮೊದಲ ಸಲ ಭೇಟಿ ಮಾಡಿಸಿದರೆ ಮಗು ಬಾಟಲಿಯನ್ನೂ ಮುಟ್ಟುವುದಿಲ್ಲ.

ಮೊದಲ ದಿನ ಒಂದು ಗಂಟೆ, ನೀವೂ ಪಕ್ಕದಲ್ಲಿ. ಎರಡನೆಯ ಸಲ ಎರಡು ಗಂಟೆ, ರಾಗಿಸರಿ ತಿನ್ನಿಸುವುದು ಅವರೇ, ನೀವು ಪಕ್ಕದ ಕೋಣೆಯಲ್ಲಿ. ಮೂರನೆಯ ಸಲ ಅರ್ಧ ದಿನ, ನೀವು ಮನೆಯಿಂದ ಹೊರಗೆ. ತಿಂಡಿ ಆದ ಮೇಲಿನ ಹತ್ತು ಗಂಟೆ ಒಳ್ಳೆಯ ಹೊತ್ತು, ನಿದ್ದೆಯ ಹೊತ್ತಿಗೆ ಮಾತ್ರ ಶುರು ಮಾಡಬೇಡಿ. ಅಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. ಕೂಸುಗಳು ಬೇಗ ಮರೆಯುತ್ತವೆ, ತಿಂಗಳಿಗೊಮ್ಮೆ ಎರಡು ಗಂಟೆ ಕರೆಸುತ್ತಿರಿ. ಈ ಗಂಟೆಗಳಿಗೂ ದುಡ್ಡು ಕೊಡಿ.

ದುಡ್ಡು

ಐದು ಮಕ್ಕಳಿಂದ ತಲಾ 6,000 ಎಂದರೆ ತಿಂಗಳಿಗೆ 30,000. 24 ಕೆಲಸದ ದಿನಕ್ಕೆ ಭಾಗಿಸಿದರೆ ದಿನಕ್ಕೆ 1,250. ಬದಲಿಯವರಿಗೆ ಇದರಲ್ಲಿ 900 ಕೊಡುತ್ತೀರಿ ಎನ್ನೋಣ. ವರ್ಷಕ್ಕೆ ಹನ್ನೆರಡು ದಿನಕ್ಕೆ 10,800 ಆಗುತ್ತದೆ. ತಿಂಗಳಿಗೆ 900 ಎತ್ತಿಟ್ಟರೆ, ಅಂದರೆ ಮಗುವಿಗೆ 180ರಂತೆ, ಸರಿಹೋಗುತ್ತದೆ. ಫೀಸ್ ನಿಗದಿ ಮಾಡುವಾಗಲೇ ಇದನ್ನು ಸೇರಿಸಿ. ಅದೇ ದಿನ ಪೋಷಕರ ಹತ್ತಿರ ಹೆಚ್ಚುವರಿ ಕೇಳಿದರೆ ಮನಸ್ತಾಪ ಖಂಡಿತ. ಇನ್ನೊಂದು ಮನೆಗೆ ಕಳಿಸಿದರೆ ಅವರಿಗೆ ನೀವೇ ಕೊಡಿ, ಪೋಷಕರಿಂದ ಕೊಡಿಸಬೇಡಿ. ಹಾಗೆ ಕೊಡಿಸಿದ ಕೆಲವು ಮಕ್ಕಳು ಆಮೇಲೆ ಅಲ್ಲೇ ಉಳಿದುಬಿಡುವುದುಂಟು.

ಮಗುವನ್ನು ಸೇರಿಸಿಕೊಳ್ಳುವ ದಿನವೇ ಒಂದು ಹಾಳೆಗೆ ತಂದೆತಾಯಿಯ ಸಹಿ ಇರಲಿ: ಬದಲಿ ಯಾರು, ಯಾವ ಮನೆ, ಒಪ್ಪದಿದ್ದರೆ ಅಂದಿನ ಫೀಸ್ ಎಷ್ಟು ವಾಪಸ್. ಕೆಲವರು ಒಪ್ಪುವುದಿಲ್ಲ. ಅದು ಅವರ ಹಕ್ಕು. ಅಂದು ಅವರೇ ರಜೆ ಹಾಕಬೇಕಾಗುತ್ತದೆ ಎಂಬುದನ್ನೂ ಅಲ್ಲೇ ಬರೆದಿಡಿ.

ಬಾಗಿಲ ಹಿಂದಿನ ಚೀಲ

ಬದಲಿಯವರು ಬಂದೊಡನೆ ಕೈಗೆತ್ತಿಕೊಳ್ಳುವಂತೆ ಒಂದು ಬಟ್ಟೆಚೀಲ ಬಾಗಿಲ ಹಿಂದೆ ತೂಗುಹಾಕಿರಲಿ. ಅದರಲ್ಲಿ ಪ್ರತಿ ಮಗುವಿಗೊಂದು ಹಾಳೆ. ತೂಕ, ಆಗದ ಆಹಾರ, ಮಲಗಿಸುವ ರೀತಿ, ಡಾಕ್ಟರ ನಂಬರ್ ಎಲ್ಲರೂ ಬರೆಯುತ್ತಾರೆ. ಮರೆಯುವುದು ಮಗುವಿನ ಮಾತು. ಒಂದು ಮನೆಯ ಮಗು ‘ಪಾನಿ’ ಎನ್ನುತ್ತದೆ, ಇನ್ನೊಂದು ‘ತಣ್ಣಿ’. ಕನ್ನಡ ಮಾತ್ರ ಬಲ್ಲವರಿಗೆ ಅದು ನೀರು ಕೇಳುತ್ತಿದೆ ಎಂದು ತಿಳಿಯದೆ ಹೋಗಬಹುದು. ಹತ್ತು ಪದ ಸಾಕು: ನೀರು, ಊಟ, ನಿದ್ದೆ, ಮೂತ್ರ, ನೋವು ಇಂಥವು.

ಮಗುವನ್ನು ಕರೆದೊಯ್ಯಬಹುದಾದವರ ಫೋಟೊ ಇನ್ನೊಂದು ಹಾಳೆಯಲ್ಲಿ. ನಿಮಗೆ ತಾತ ಗೊತ್ತು, ಬದಲಿಯವರಿಗೆ ಗೊತ್ತಿಲ್ಲ. ಫೋಟೊದಲ್ಲಿ ಇಲ್ಲದವರಿಗೆ, ಎಷ್ಟೇ ನಯವಾಗಿ ಕೇಳಲಿ, ತಾಯಿ ಅಥವಾ ತಂದೆಗೆ ಫೋನ್ ಮಾಡದೆ ಮಗು ಕೊಡಬಾರದು. ಜೊತೆಗೆ ಐನೂರು ರೂಪಾಯಿ ಚಿಲ್ಲರೆ, ಮತ್ತು ದಪ್ಪ ಅಕ್ಷರದಲ್ಲಿ 112 (ತುರ್ತು ಸಹಾಯ), 108 (ಆಂಬುಲೆನ್ಸ್), 1098 (ಮಕ್ಕಳ ಸಹಾಯವಾಣಿ).

ಔಷಧಿಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಗ್ರಾಂ ಇರುತ್ತದೆ, ಸಿರಪ್‌ನಲ್ಲಿ 5 ಮಿಲಿಗೆ 125 ಅಥವಾ 250. ಸಿರಪ್ ಎಂದುಕೊಂಡು ಡ್ರಾಪ್ಸನ್ನು 5 ಮಿಲಿ ಕುಡಿಸಿದರೆ 500 ಮಿಗ್ರಾಂ ಒಳಗೆ ಹೋಯಿತು. ಹತ್ತು ಕಿಲೋ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು ಸುಮಾರು 150. ತಾಯಿ ಅಥವಾ ತಂದೆಗೆ ಬಾಟಲಿಯ ಲೇಬಲ್ ಫೋಟೊ ಕಳಿಸಿ, ಅವರು ಡಾಕ್ಟರ್ ಬರೆದುಕೊಟ್ಟ ಅಳತೆಯನ್ನು ಮೆಸೇಜಿನಲ್ಲಿ ಹಾಕಿದ ಮೇಲೆಯೇ ಕೊಡಬೇಕು.

ಆ ಬೆಳಿಗ್ಗೆ

ಆರೂವರೆಯೊಳಗೆ ಬದಲಿಯವರಿಗೆ ಮೊದಲ ಕರೆ. ಅವರು ‘ಹೂಂ’ ಅಂದ ಮೇಲೆ ಪೋಷಕರಿಗೆ, ಎಲ್ಲರಿಗಿಂತ ಮೊದಲು ಮನೆ ಬಿಡುವವರಿಂದ ಶುರುಮಾಡಿ ಒಬ್ಬೊಬ್ಬರಿಗೇ ಫೋನ್. ಗ್ರೂಪಿಗೆ ಹಾಕಿದರೆ ಒಬ್ಬರ ಗಾಬರಿ ಐದು ಮನೆಗೂ ಹರಡುತ್ತದೆ. ಯಾರೂ ಸಿಗದಿದ್ದರೆ ಏಳರೊಳಗೆ ‘ಇವತ್ತು ಆಗುವುದಿಲ್ಲ’ ಎಂದುಬಿಡಿ. ‘ಹೇಗೋ ಮಾಡ್ತೀನಿ’ ಎಂದು ಎಂಟರವರೆಗೆ ಎಳೆದು ಆಮೇಲೆ ಕೈಚೆಲ್ಲಿದರೆ ಅವರಿಗೆ ರಜೆ ಕೇಳಲೂ ಹೊತ್ತಿರುವುದಿಲ್ಲ.

ಸಂಜೆ ಬದಲಿಯವರ ದುಡ್ಡು ಅಂದೇ ಕೊಟ್ಟು, ಯಾರು ಎಷ್ಟು ತಿಂದರು, ಯಾರು ಎಷ್ಟು ಹೊತ್ತು ಅತ್ತರು, ಚೀಲದಲ್ಲಿ ಏನು ಸಿಗಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಹಾಳೆಯಲ್ಲಿನ ತೂಕವನ್ನು ತಿಂಗಳಿಗೊಮ್ಮೆ ತಿದ್ದಿ.