ಖಾಲಿಯಾದ ಫ್ಲ್ಯಾಟ್: ಮುಂದಿನ ಬಾಡಿಗೆದಾರ ಬರುವ ಮೊದಲು ಮಾಡಬೇಕಾದ ಕೆಲಸ

ಬಾಡಿಗೆದಾರ ಕೀಲಿಕೈ ಕೊಟ್ಟ ಸಂಜೆಯೇ ಪೇಂಟರಿಗೆ ಫೋನ್ ಮಾಡುವುದು ಮುಂಬೈಯ ಎಷ್ಟೋ ಮಾಲೀಕರ ಅಭ್ಯಾಸ. ಮಾಲೀಕರು ಉಡುಪಿಯಲ್ಲೋ ಕುಂದಾಪುರದಲ್ಲೋ ನೆಲೆಸಿ, ಡೊಂಬಿವಲಿಯ ಫ್ಲ್ಯಾಟ್ ನೋಡಿಕೊಂಡು ಹೋಗಲು ನಾಲ್ಕು ದಿನಕ್ಕೆಂದು ಬಂದವರಾದರೆ ಅವಸರ ಇನ್ನೂ ಜಾಸ್ತಿ. ಬಣ್ಣ ಮುಗಿದ ಮೇಲೆ ಪ್ಲಂಬರ್ ಬಂದು ಅದೇ ಗೋಡೆ ಒಡೆಯುತ್ತಾನೆ. ಜಿರಳೆ ಜೆಲ್ ಹಚ್ಚಿದ ಮರುದಿನ ಕೆಲಸದಾಕೆ ಅದನ್ನು ಸೋಪುನೀರಲ್ಲಿ ಒರೆಸಿ ತೆಗೆಯುತ್ತಾಳೆ. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು. ಸರದಿ ಹೀಗಿರಲಿ: ಮೊದಲು ನೀರು, ಆಮೇಲೆ ಕರೆಂಟು, ಗೋಡೆ, ತೊಳೆಯುವ ಕೆಲಸ, ಎಲ್ಲಕ್ಕಿಂತ ಕೊನೆಗೆ ಜಿರಳೆ ಔಷಧ. ಬಣ್ಣ ಇಲ್ಲದಿದ್ದರೆ ಒನ್ ಬಿಎಚ್‌ಕೆಗೆ ಮೂರು ದಿನ ಸಾಕು. ಬಣ್ಣವೂ ಇದ್ದರೆ ಎಂಟರಿಂದ ಹತ್ತು ದಿನ ಇಟ್ಟುಕೊಳ್ಳಿ.

ಡಿಪಾಸಿಟ್ ವಾಪಸ್ ಕೊಡುವ ಮೊದಲು

ಸಾಮಾನು ಪೂರ್ತಿ ಹೊರಗೆ ಹೋದ ಮೇಲೆ, ಬಾಡಿಗೆದಾರ ಇನ್ನೂ ಅಲ್ಲೇ ಇರುವಾಗ, ಹಗಲು ಬೆಳಕಲ್ಲಿ ಒಂದು ಸುತ್ತು ಹಾಕಿ. ಕಪಾಟು, ಸೋಫಾ ಇದ್ದ ಜಾಗದ ಗೋಡೆಯನ್ನು ಮುಖ್ಯವಾಗಿ ನೋಡಿ; ತೇವ ಅಡಗಿರುವುದು ಅಲ್ಲೇ. ಪ್ರತಿ ಕೋಣೆಯ ನಾಲ್ಕೂ ಗೋಡೆ, ಸಿಂಕಿನ ಕೆಳಭಾಗ, ಬಾತ್‌ರೂಮ್ ಬಾಗಿಲಿನ ಚೌಕಟ್ಟಿನ ಬುಡ ಇಷ್ಟರ ಫೋಟೋ ಬೇಕು. ಕರೆಂಟ್ ಮೀಟರು ಹೆಚ್ಚಿನ ಹೌಸಿಂಗ್ ಸೊಸೈಟಿಗಳಲ್ಲಿ ತಳಮಹಡಿಯ ಮೀಟರ್ ರೂಮಿನಲ್ಲಿರುತ್ತದೆ. ಮೀಟರ್ ನಂಬರ್ ಮತ್ತು ರೀಡಿಂಗ್ ಎರಡೂ ಒಂದೇ ಫೋಟೋದಲ್ಲಿ ಬರಲಿ. ಪಕ್ಕದ ಮನೆಯ ಮೀಟರು ತೆಗೆದು ಜಗಳವಾಡುವವರಿದ್ದಾರೆ. ಪೈಪ್ ಗ್ಯಾಸ್ ಇದ್ದರೆ ಅಡುಗೆಮನೆಯ ಗ್ಯಾಸ್ ಮೀಟರಿನದೂ ತೆಗೆಯಿರಿ. ಅದರ ಬಿಲ್ ತಡವಾಗಿ ಬರುವುದರಿಂದ ಡಿಪಾಸಿಟ್‌ನಲ್ಲಿ ಸ್ವಲ್ಪ ಮೊತ್ತ ಹಿಡಿದಿಟ್ಟುಕೊಳ್ಳುವ ಮಾತು ಮೊದಲೇ ಆಗಿರಬೇಕು.

ಮೊಳೆಯ ತೂತು, ಮಾಸಿದ ಬಣ್ಣ, ಸವೆದ ನಲ್ಲಿ ವಾಷರ್ ಇವೆಲ್ಲ ಬಳಕೆಯ ಸವಕಳಿ. ಇದಕ್ಕೆ ಡಿಪಾಸಿಟ್ ಮುರಿಯುವುದು ನ್ಯಾಯವಲ್ಲ. ಒಡೆದ ವಾಷ್ ಬೇಸಿನ್, ಸುಟ್ಟ ಅಡುಗೆ ಕಟ್ಟೆ, ಕಾಣೆಯಾದ ಗೀಸರ್ ಬೇರೆ ಲೆಕ್ಕ.

ನೀರು: ಅರ್ಧ ಕೆಲಸ ಇಲ್ಲೇ

ಮುಂಬೈಯ ಹಳೆ ಕಟ್ಟಡದಲ್ಲಿ ಗೋಡೆಯ ಪ್ರತಿ ಕಲೆಯ ಹಿಂದೆ ಒಂದು ನೀರಿನ ಕಥೆ ಇರುತ್ತದೆ. ಅದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಪುಟ್ಟಿ ಹಾಕಿದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗ ಉಬ್ಬುತ್ತದೆ.

ತೇವ ಗೋಡೆಯ ಒಳಗಿನದೋ ಕೋಣೆಯ ಗಾಳಿಯದೋ ಎಂದು ತಿಳಿಯಲು ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, 24 ಗಂಟೆ ಬಿಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ, ಹನಿಗಟ್ಟಿದರೆ ನೀರು ಗೋಡೆಯೊಳಗಿದೆ. ಹೊರಗಡೆ ಮಾತ್ರ ಹನಿಯಿದ್ದರೆ ಕೋಣೆಗೆ ಗಾಳಿಯಾಡುತ್ತಿಲ್ಲ ಎಂದರ್ಥ; ಎಕ್ಸಾಸ್ಟ್ ಫ್ಯಾನ್ ಸರಿಮಾಡಿಸಿದರೆ ಆಯಿತು.

ಬಾತ್‌ರೂಮಿನ ಹೊರಗೋಡೆ ಬುಡದಲ್ಲಿ ನೆನೆದಿದ್ದರೆ ಮೊದಲ ಅನುಮಾನ ನಾನಿ ಟ್ರ್ಯಾಪಿನ (ನೆಲದ ನೀರು ಹೋಗುವ ಜಾಲರಿಯ ಕೆಳಗೆ ನೀರು ನಿಲ್ಲುವ ಬಟ್ಟಲು) ಜಾಯಿಂಟು, ಎರಡನೆಯದು ಟೈಲ್ಸ್ ಸಂದು. ಟ್ರ್ಯಾಪಿಗೆ ಬಟ್ಟೆ ತುಂಬಿ ಬಿಗಿಯಾಗಿ ಮುಚ್ಚಿ, ಹೊಸ್ತಿಲು ದಾಟದಂತೆ ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಒಂದು ದಿನ ಬಿಟ್ಟು ನೀರಿನ ಮಟ್ಟವನ್ನೂ ಕೆಳಗಿನ ಮನೆಯ ಸೀಲಿಂಗನ್ನೂ ನೋಡಿ. ಮಟ್ಟ ಕೂದಲೆಳೆಯಷ್ಟು ಇಳಿದರೆ ಅದು ಆವಿಯಾದದ್ದು. ಬೆರಳಗಲ ಇಳಿದರೆ ಸೋರಿಕೆ. ಸಂದಿನದ್ದೇ ತೊಂದರೆಯಾದರೆ ಹಳೆಯದನ್ನು ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ. ವೈಟ್ ಸಿಮೆಂಟ್ ಅಗ್ಗ, ಆದರೆ ಅದು ನೀರು ಹೀರುತ್ತದೆ, ಬಿರುಕು ಬಿಡುತ್ತದೆ.

ಮೇಲಿನ ಮನೆಯ ಬಾತ್‌ರೂಮಿನಿಂದ ಸೋರುತ್ತಿದ್ದರೆ ಅದು ಇಬ್ಬರು ಸದಸ್ಯರ ನಡುವಿನ ವಿಷಯ. ಹೊರಗೋಡೆಯಿಂದ, ಟೆರೇಸಿನಿಂದ, ಸಾಮಾನ್ಯ ಪೈಪಿನಿಂದ ಬರುವ ಮಳೆನೀರು ಸೊಸೈಟಿಯ ಹೊಣೆ. ಬಾಯಿಮಾತಿನ ದೂರು ಮುಂದಿನ ಕಮಿಟಿಗೆ ನೆನಪಿರುವುದಿಲ್ಲ. ಲಿಖಿತ ಪತ್ರ ಕೊಟ್ಟು ನಕಲಿನ ಮೇಲೆ ಸೊಸೈಟಿಯ ಮೊಹರು ಹಾಕಿಸಿಕೊಳ್ಳಿ.

ಫ್ಲಷ್ ಟ್ಯಾಂಕಿಗೆ ಅಡುಗೆ ಬಣ್ಣದ ನಾಲ್ಕು ಹನಿ ಹಾಕಿ, ಇಪ್ಪತ್ತು ನಿಮಿಷ ಫ್ಲಷ್ ಮಾಡದೆ ಕಾಯಿರಿ. ಕಮೋಡಿನೊಳಗೆ ಬಣ್ಣ ಇಳಿದರೆ ವಾಷರ್ ಹೋಗಿದೆ. ಸಿಂಕಿನ ಕೆಳಗಿನ ವೇಸ್ಟ್ ಪೈಪಿನ ಜಾಯಿಂಟಿಗೆ ಒಣ ಟಿಶ್ಯೂ ಸುತ್ತಿ ಒಂದು ಬಕೆಟ್ ನೀರನ್ನು ಒಮ್ಮೆಲೇ ಸುರಿದು ನೋಡಿ. ಸಣ್ಣ ಧಾರೆಯಲ್ಲಿ ಸೋರದ ಜಾಯಿಂಟು ಬಕೆಟ್ ನೀರಿನ ಭಾರಕ್ಕೆ ಸೋರುತ್ತದೆ.

ನೀರು ಗಂಟೆಲೆಕ್ಕದಲ್ಲಿ ಬರುವ ಕಟ್ಟಡಗಳಲ್ಲಿ ಲಾಫ್ಟಿನ (ಸೀಲಿಂಗಿನ ಕೆಳಗಿನ ಅಟ್ಟ) ಮೇಲೆ ಸಣ್ಣ ಟ್ಯಾಂಕು ಇರುತ್ತದೆ. ಅದನ್ನು ಯಾರೂ ತೆರೆದು ನೋಡಿರುವುದಿಲ್ಲ. ಕೆಸರು ತೆಗೆದು, ಸೋಪಿಲ್ಲದೆ ಬ್ರಷ್‌ನಲ್ಲಿ ಉಜ್ಜಿ, ನೀರು ತುಂಬಿ, ಪ್ರತಿ ಲೀಟರಿಗೆ 1 ಮಿಲಿ ಲೆಕ್ಕದಲ್ಲಿ ವಾಸನೆ ಬೆರೆಸದ 5 ಶೇಕಡಾ ಲಿಕ್ವಿಡ್ ಬ್ಲೀಚ್ ಹಾಕಿ: 200 ಲೀಟರ್ ಟ್ಯಾಂಕಿಗೆ 200 ಮಿಲಿ. ಎಲ್ಲ ನಲ್ಲಿಗಳನ್ನೂ ಬ್ಲೀಚ್ ವಾಸನೆ ಬರುವವರೆಗೆ ತೆರೆದು ಮುಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪೂರ್ತಿ ಖಾಲಿಮಾಡಿ ಎರಡು ಸಲ ತುಂಬಿ ಹರಿಸಿ. ಆ ಒಂದು ರಾತ್ರಿ ನೀರನ್ನು ಯಾರೂ ಕುಡಿಯದಂತೆ ನೋಡಿಕೊಳ್ಳಿ.

ಕರೆಂಟು

ಮೇನ್ ಬೋರ್ಡಿನ ಆರ್‌ಸಿಸಿಬಿಯಲ್ಲಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಒಂದು ಟೆಸ್ಟ್ ಬಟನ್ ಇರುತ್ತದೆ. ಒತ್ತಿದಾಗ ಟ್ರಿಪ್ ಆಗದಿದ್ದರೆ ಅದು ಶಾಕಿನಿಂದ ಕಾಪಾಡುವುದಿಲ್ಲ, ಬದಲಿಸಿ. ಆರ್‌ಸಿಸಿಬಿಯೇ ಇಲ್ಲದ ಹಳೆ ಫ್ಲ್ಯಾಟಿನಲ್ಲಿ ಗೀಸರಿಗೂ ವಾಷಿಂಗ್ ಮೆಷಿನ್‌ಗೂ ಇದೊಂದನ್ನು ಹಾಕಿಸದೆ ಮನೆ ಕೊಡಬೇಡಿ. ಗೀಸರಿನ 16 ಆಂಪಿಯರ್ ಸಾಕೆಟ್ ಕಪ್ಪಾಗಿದ್ದರೆ ಒಳಗೆ ಸ್ಕ್ರೂ ಸಡಿಲವಾಗಿ ಬಿಸಿಯಾಗುತ್ತಿದೆ; ಹೊರಗಿನ ಕವರ್ ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರಿನ ಕಡೆಗಳಲ್ಲಿ ಗೀಸರ್ ಬಿಚ್ಚಿಸಿ ಒಳಗಿನ ಸುಣ್ಣದ ಪದರ ತೆಗೆಸಿ, ಮ್ಯಾಗ್ನೀಶಿಯಂ ರಾಡ್ ಕರಗಿದ್ದರೆ ಹೊಸದು ಹಾಕಿಸಿ.

ಗೋಡೆ

ಫಂಗಸ್ ಮೇಲೆ ಬಣ್ಣ ಹಚ್ಚಬೇಡಿ. ಒಂದು ಪಾಲು ಬ್ಲೀಚಿಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿ ತೊಳೆದು, ಫ್ಯಾನ್ ಹಾಕಿ ಎರಡು ಮೂರು ದಿನ ಒಣಗಿಸಿ. ಬಿಳಿ ಪುಡಿಯಾಗಿ ಉಪ್ಪು ಎದ್ದಿದ್ದರೆ ಮಾತ್ರ ನೀರು ತಾಗಿಸದೆ ಒಣ ಬ್ರಷ್‌ನಲ್ಲಿ ಕೆರೆಯಿರಿ. ನೀರು ಬಿದ್ದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಒದ್ದೆ ಅಂಗೈಯಿಂದ ಹಳೆ ಬಣ್ಣ ಉಜ್ಜಿ ನೋಡಿ. ಕೈಗೆ ಬಣ್ಣ ಹತ್ತಿದರೆ ಅದು ಡಿಸ್ಟೆಂಪರ್. ಅದರ ಮೇಲೆ ನೇರ ಎಮಲ್ಷನ್ ಹೊಡೆದರೆ ಸಿಪ್ಪೆಯಂತೆ ಎದ್ದುಬರುತ್ತದೆ, ಕೆರೆದು ಪ್ರೈಮರ್ ಹಚ್ಚಲೇಬೇಕು. ಗೋಡೆ ಮತ್ತು ಸೀಲಿಂಗ್ ಸೇರಿ ಬಣ್ಣದ ಅಳತೆ ಕಾರ್ಪೆಟ್ ಏರಿಯಾದ ಮೂರರಿಂದ ಮೂರೂವರೆ ಪಟ್ಟು ಬರುತ್ತದೆ. 400 ಚದರಡಿ ಮನೆಗೆ ಪೇಂಟರ್ 2000 ಚದರಡಿ ಎಂದು ಹೇಳಿದರೆ ಟೇಪ್ ಹಿಡಿಸಿ.

ತುಂಡು ತುಂಡಾಗಿ ಟಚ್-ಅಪ್ ಮಾಡಿಸಬೇಡಿ. ಅದೇ ಶೇಡ್ ನಂಬರ್ ಆದರೂ ಹಳೆಯದು ಮಾಸಿರುವುದರಿಂದ ತೇಪೆ ಕಾಣುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಯನ್ನೇ ಹೊಡೆಸಿ, ಶೇಡ್ ನಂಬರನ್ನು ಕಪಾಟಿನ ಬಾಗಿಲ ಒಳಗಡೆ ಬರೆದಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಗೆ ತಾಗಿದ ಕೋಣೆಗಳ ಬಣ್ಣವನ್ನು ಮುಂದಕ್ಕೆ ಹಾಕುವುದೇ ಒಳ್ಳೆಯದು. ಮಾಡಲೇಬೇಕೆಂದಾದರೆ ದಿನಕ್ಕೆ ಒಂದೇ ಕೋಟ್.

ಡ್ರಿಲ್ ಮತ್ತು ಒಡೆಯುವ ಕೆಲಸದ ಸಮಯವನ್ನು ಸೊಸೈಟಿ ಆಫೀಸಿನಲ್ಲಿ ಮೊದಲೇ ಕೇಳಿ. ಮಧ್ಯಾಹ್ನವೂ ಭಾನುವಾರವೂ ಸಾಮಾನ್ಯವಾಗಿ ಬಿಡುವುದಿಲ್ಲ. ಒಡೆದ ಇಟ್ಟಿಗೆ, ಟೈಲ್ಸ್ ಚೂರಿನ ಚೀಲಗಳನ್ನು ಕಸದ ಗಾಡಿಯವರು ಒಯ್ಯುವುದಿಲ್ಲ, ಅದನ್ನು ಸಾಗಿಸುವುದು ಗಾರೆಯವನ ರೇಟಿನಲ್ಲೇ ಸೇರಿರಲಿ.

ತೊಳೆಯುವುದು

ಮೇಲಿನಿಂದ ಕೆಳಕ್ಕೆ: ಲಾಫ್ಟ್, ಫ್ಯಾನ್, ಕಿಟಕಿ, ಕಪಾಟು, ಕೊನೆಗೆ ನೆಲ. ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಯ ಕೆಳಪಟ್ಟಿಯ ಹೊರಬದಿಯಲ್ಲಿ ನೀರು ಹೋಗಲು ಸಣ್ಣ ಕಿಂಡಿಗಳಿರುತ್ತವೆ. ಅಲ್ಲಿ ಧೂಳು ಕಟ್ಟಿಕೊಂಡರೆ ಜೋರು ಮಳೆಗೆ ನೀರು ಹಾಲಿನೊಳಗೆ ಹರಿಯುತ್ತದೆ, ಜನ ಅದನ್ನು ಗೋಡೆಯ ಸೋರಿಕೆ ಎಂದುಕೊಳ್ಳುತ್ತಾರೆ. ಗಟ್ಟಿ ತಂತಿಯಿಂದ ಚುಚ್ಚಿ, ಒಂದು ಚೊಂಬು ನೀರು ಸುರಿದು ಹೊರಗೆ ಹೋಗುವುದನ್ನು ನೋಡಿ.

ಬಾತ್‌ರೂಮಿಗೆ ಆ್ಯಸಿಡ್ ತರುವ ಮೊದಲು ಕಲ್ಲು ಯಾವುದೆಂದು ನೋಡಿ. ಮಾರ್ಬಲ್, ಕೋಟಾ, ಕಡಪ ಮೂರೂ ಸುಣ್ಣದ ಜಾತಿಯ ಕಲ್ಲು. ಆ್ಯಸಿಡ್ ಇರಲಿ, ನಿಂಬೆರಸ ಬಿದ್ದರೂ ಹೊಳಪು ಹೋಗುತ್ತದೆ. ಕಿಟಕಿಯ ಕಟ್ಟೆ, ಬಾಗಿಲ ಹೊಸ್ತಿಲು ಹೆಚ್ಚಾಗಿ ಮಾರ್ಬಲ್ಲೇ. ಬರೀ ಸೆರಾಮಿಕ್ ಟೈಲ್ಸ್ ಆದರೆ ಮೊದಲು ನೀರು ಹಾಕಿ ಸಂದುಗಳನ್ನು ನೆನೆಸಿ, ಟಾಯ್ಲೆಟ್ ಕ್ಲೀನರ್ ಹಾಕಿ ಐದು ನಿಮಿಷದೊಳಗೆ ತೊಳೆದುಬಿಡಿ. ಒಣ ಸಂದು ಆ್ಯಸಿಡ್ ಹೀರಿ ಪುಡಿಯಾಗುತ್ತದೆ. ಬ್ಲೀಚ್ ಮತ್ತು ಆ್ಯಸಿಡ್ ಒಂದೇ ಹೊತ್ತಿಗೆ ಒಂದೇ ಬಾತ್‌ರೂಮಿನಲ್ಲಿ ಬೇಡವೇ ಬೇಡ. ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಕೆಲಸದವರಿಗೆ ಈ ಮಾತನ್ನು ಬಾಯಿಬಿಟ್ಟು ಹೇಳಿ, ಎರಡೂ ಬಾಟಲಿಗಳನ್ನು ಒಟ್ಟಿಗೆ ಕೊಡಬೇಡಿ.

ಚಿಮಣಿಯ ಸ್ಟೀಲ್ ಫಿಲ್ಟರನ್ನು ಅರ್ಧ ಬಕೆಟ್ ಬಿಸಿನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ. ಅಲ್ಯುಮಿನಿಯಂ ಜಾಳಿಯಾದರೆ ಸೋಡಾ ಬೇಡ, ಕಪ್ಪಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಸಿಲಿಂಡರಿನ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿನ ಮೇಲೆ ತಾರೀಕು ಅಚ್ಚಾಗಿರುತ್ತದೆ. ಐದು ವರ್ಷ ದಾಟಿದ್ದರೆ ಹೊಸದು.

ಹುಳ-ಹುಪ್ಪಟೆ, ಕೀಲಿ, ಕಾಗದ

ಜಿರಳೆ ಜೆಲ್ಲನ್ನು ಕಪಾಟಿನ ಹಿಂಜ್, ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ ಅಕ್ಕಿಕಾಳಿನಷ್ಟು ಚುಕ್ಕಿಗಳಾಗಿ ಇಡಬೇಕು. ಅದರ ಮೇಲೆ ಸ್ಪ್ರೇ ಹೊಡೆದರೆ ಜಿರಳೆ ಅದನ್ನು ಮುಟ್ಟುವುದಿಲ್ಲ. ತಿಗಣೆ ಇದ್ದರೆ ಒಂದು ಸಲದ ಔಷಧದಿಂದ ಮೊಟ್ಟೆ ಸಾಯುವುದಿಲ್ಲ, ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಬೇಕು. ಅದಕ್ಕೆ ಮೊದಲು ಹೊಸಬರ ಮಂಚ ಒಳಗೆ ಬರಕೂಡದು.

ಮುಖ್ಯ ಬಾಗಿಲಿನ ಲಾಕ್ ಸಿಲಿಂಡರ್ ಬದಲಿಸಿ. ಹಿಂದಿನವರು, ಅವರ ಕೆಲಸದಾಕೆ, ಬ್ರೋಕರ್, ಯಾರ ಬಳಿ ನಕಲು ಕೀಲಿ ಇದೆಯೆಂದು ಲೆಕ್ಕ ಸಿಗುವುದಿಲ್ಲ. ಹೊಸಬರಿಗೆ ಒಪ್ಪಿಸುವ ಸಾಮಾನಿನ ಪಟ್ಟಿಯನ್ನು ಫೋಟೋ ಸಮೇತ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿಗೆ, ಅಂದರೆ ಇಲ್ಲಿನ ಬಾಡಿಗೆ ಒಪ್ಪಂದಕ್ಕೆ, ಲಗತ್ತಿಸಿ. ಕರಾರು 11 ತಿಂಗಳಿನದಾದರೂ ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯ, ಹೊಣೆ ಮಾಲೀಕನದು. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಟ್ಟ ರಸೀದಿಯನ್ನು ಸೊಸೈಟಿಯೂ ಕೇಳುತ್ತದೆ.

ಬಾಡಿಗೆದಾರ ಸಿಗದೆ ಮನೆ ಒಂದೆರಡು ತಿಂಗಳು ಖಾಲಿ ನಿಲ್ಲುವುದಾದರೆ ನಾನಿ ಟ್ರ್ಯಾಪ್‌ಗಳ ನೀರು ಒಣಗಿ ಗಟಾರದ ವಾಸನೆಯೂ ಜಿರಳೆಯೂ ಮೇಲೆ ಬರುತ್ತವೆ. ಹೊರಡುವ ದಿನ ಪ್ರತಿ ಟ್ರ್ಯಾಪಿಗೂ ಒಂದು ಮಗ್ ನೀರು, ಅದರ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕಿ. ಎಣ್ಣೆಯ ಪದರ ನೀರು ಬೇಗ ಆರದಂತೆ ತಡೆಯುತ್ತದೆ. ಫ್ರಿಜ್ ಆಫ್ ಮಾಡಿ ಒರೆಸಿ, ಬಾಗಿಲು ಪೂರ್ತಿ ಮುಚ್ಚದಂತೆ ಮಡಚಿದ ಬಟ್ಟೆ ಸಿಕ್ಕಿಸಿ. ಒಳಬರುವ ನೀರಿನ ವಾಲ್ವ್, ಗ್ಯಾಸ್ ವಾಲ್ವ್, ಮೇನ್ ಸ್ವಿಚ್ ಮೂರನ್ನೂ ಬಂದ್ ಮಾಡಿ, ಯಾವುದು ಎಲ್ಲಿದೆ ಎಂದು ಚೀಟಿಯಲ್ಲಿ ಬರೆದು ಮೇನ್ ಬೋರ್ಡಿನ ಮುಚ್ಚಳದ ಒಳಗೆ ಅಂಟಿಸಿ.